ಸ್ವಾಧಾರ ಗೃಹ

ನೆಲೆ ಕಳೆದುಕೊಂಡ ಮಹಿಳೆಯರಿಗೆ ಮತ್ತು ಅವರ ಮಕ್ಕಳಿಗೆ ಭಾರತ ಸರ್ಕಾರದ ನೆರವಿನಿಂದ ನಡೆಯುತ್ತಿದ್ದ ಆಶ್ರಯತಾಣ. 1969ರ ಅಲ್ಪಾವಧಿ ವಸತಿಗೃಹ ಯೋಜನೆಯನ್ನೂ 2001-02ರ ಸ್ವಾಧಾರ ಯೋಜನೆಯನ್ನೂ ಕೂಡಿಸಿ ಇದನ್ನು ರೂಪಿಸಲಾಯಿತು. 2022ರಲ್ಲಿ ಕೇಂದ್ರದ ‘ಮಿಷನ್ ಶಕ್ತಿ’ ಯೋಜನೆಯಡಿ ಇದು ‘ಶಕ್ತಿ ಸದನ’ದಲ್ಲಿ ವಿಲೀನವಾಯಿತು. ಊಟ, ಬಟ್ಟೆ, ಔಷಧೋಪಚಾರ, ಆಪ್ತಸಮಾಲೋಚನೆ, ಕಾನೂನು ನೆರವು ಮತ್ತು ವೃತ್ತಿ ತರಬೇತಿ ಇಲ್ಲಿನ ಸೌಲಭ್ಯಗಳಾಗಿದ್ದವು. ಕೌಟುಂಬಿಕ ದೌರ್ಜನ್ಯಕ್ಕೆ ಒಳಗಾದವರು 1 ವರ್ಷ, ಉಳಿದವರು ಸಾಮಾನ್ಯವಾಗಿ 3 ವರ್ಷದವರೆಗೆ ಇರಬಹುದಿತ್ತು.

ತಾಯಂದಿರಿಗೆ ಕಷ್ಟವಾಗಿದ್ದು ಮಕ್ಕಳ ವಯಸ್ಸಿನ ನಿಯಮ. ಹೆಣ್ಣುಮಕ್ಕಳು 18 ವರ್ಷದವರೆಗೆ ತಾಯಿಯ ಜೊತೆಗಿರಬಹುದಿತ್ತು. ಗಂಡುಮಕ್ಕಳಿಗೆ ಮಿತಿ 8 ವರ್ಷವಾಗಿತ್ತು. ಅದು ದಾಟಿದರೆ ಹುಡುಗನನ್ನು ಬಾಲನ್ಯಾಯ ಕಾಯ್ದೆಯಡಿಯ ಬಾಲಮಂದಿರಕ್ಕೆ ಕಳಿಸಬೇಕಿತ್ತು. ಹತ್ತು ವರ್ಷದ ಮಗ, ಆರು ವರ್ಷದ ಮಗಳ ಜೊತೆ ಬಂದವಳಿಗೆ ಸೂರು ಸಿಗುತ್ತಿತ್ತು, ಆದರೆ ಮಗ ಬೇರೆಡೆಗೆ ಹೋಗಬೇಕಿತ್ತು. ಹೀಗಿದ್ದಾಗ ಕೆಲವರು ಮನೆ ಬಿಡಲು ಹಿಂಜರಿದಿದ್ದರೆ ಅಚ್ಚರಿಯೇನಿಲ್ಲ.

ಮಗುವನ್ನು ಹೊಸ ಶಾಲೆಗೆ ಸೇರಿಸುವುದೂ ಒಂದು ಚಿಂತೆ: ರಾತ್ರೋರಾತ್ರಿ ಹೊರಬಿದ್ದವಳ ಕೈಯಲ್ಲಿ ಮಗುವಿನ ವರ್ಗಾವಣೆ ಪತ್ರ (ಟಿ.ಸಿ.), ಜನನ ಪ್ರಮಾಣಪತ್ರ ಇರುವುದು ಅಪರೂಪ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಟಿ.ಸಿ. ತಡವಾಯಿತೆಂದಾಗಲಿ, ವಯಸ್ಸಿನ ದಾಖಲೆ ಇಲ್ಲವೆಂದಾಗಲಿ ಶಾಲೆಯವರು ಪ್ರವೇಶ ನಿರಾಕರಿಸುವಂತಿಲ್ಲ.

ಕರ್ನಾಟಕದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಸ್ವಾಧಾರ ಗೃಹಗಳ ಉಸ್ತುವಾರಿ ನೋಡುತ್ತಿತ್ತು. ತುರ್ತಿಗೆ 181 ಮಹಿಳಾ ಸಹಾಯವಾಣಿ, ‘ಸಖಿ’ ಒನ್ ಸ್ಟಾಪ್ ಕೇಂದ್ರಗಳಿವೆ. ಸಖಿಯಲ್ಲಿ ಕೆಲವು ದಿನಗಳ ತಂಗುವಿಕೆಗೆ ಮಾತ್ರ ಅವಕಾಶ.