9.55: ಯಾರೂ ಅಳೆಯದ ನೂರು ಮೀಟರ್

ಶಹಾಪುರ ತಾಲೂಕಿನ ಶಿರವಾಳದಿಂದ ಮಾತಾಡ್ತಿದ್ದೀನಿ. ಇವತ್ತಿನ ಎಪಿಸೋಡ್ ಒಂದು ನಂಬರಿನ ಇತಿಹಾಸ. ಆ ನಂಬರ್ 9.55. 2020ರ ಫೆಬ್ರವರಿಯಲ್ಲಿ ನಿಮ್ಮ ಕೈಯಲ್ಲಿ ಫೋನ್ ಇತ್ತು ಅಂದ್ರೆ ನೀವು ಇದನ್ನ ಫಾರ್ವರ್ಡ್ ಮಾಡಿರ್ತೀರಿ, ಇಲ್ಲಾಂದ್ರೆ ನಿಮಗೆ ಯಾರಾದ್ರೂ ಮಾಡಿರ್ತಾರೆ. ಕಂಬಳದಲ್ಲಿ ಕೋಣಗಳ ಹಿಂದೆ ಓಡಿದ ಶ್ರೀನಿವಾಸ ಗೌಡ ನೂರು ಮೀಟರನ್ನು 9.55 ಸೆಕೆಂಡಿನಲ್ಲಿ ಮುಗಿಸಿದರು, ಉಸೇನ್ ಬೋಲ್ಟ್‌ಗಿಂತ ಜೋರು ಅನ್ನೋ ಸುದ್ದಿ ಅದು.

ನೇರವಾಗಿ ಹೇಳ್ತೀನಿ. ಆ 9.55ನ್ನು ಯಾವ ಗಡಿಯಾರವೂ ತೋರಿಸಲಿಲ್ಲ. ಅದು ಒಂದು ಕ್ಯಾಲ್ಕುಲೇಟರಿನಲ್ಲಿ ಹುಟ್ಟಿದ ನಂಬರ್.

ನಮ್ಮ ಎರೆಭೂಮಿ ಸೀಮೆಯಲ್ಲಿ ಕಂಬಳ ಇಲ್ಲ. ನಮ್ಮ ಉತ್ತರ ಕರ್ನಾಟಕದಲ್ಲಿ ಇರೋದು ತೆರಬಂಡಿ. ಗಾಲಿ ತಿರುಗದಂತೆ ಕಟ್ಟಿದ ಬಂಡಿಯನ್ನ ಎತ್ತು ಎಳೀಬೇಕು, ಗೊತ್ತು ಮಾಡಿದ ಸಮಯದೊಳಗೆ ಎಷ್ಟು ಅಡಿ ಎಳೆದವು ಅಂತ ಟೇಪ್ ಹಿಡಿದು ನೋಡ್ತಾರೆ. ಸಮಯ ಎಲ್ಲಾರಿಗೂ ಒಂದೇ, ದೂರ ಬೇರೆ ಬೇರೆ. ಕಂಬಳದಲ್ಲಿ ಇದು ಉಲ್ಟಾ. ದೂರ ಮೊದಲೇ ಗೊತ್ತಿರುತ್ತದೆ, ಸಮಯ ಅಳೀತಾರೆ. ಕೆಸರು ನೀರು ತುಂಬಿದ ಉದ್ದನೆಯ ಗದ್ದೆಗೆ ಅಲ್ಲಿ ಕರೆ ಅಂತಾರೆ. ಓಟ ಶುರುವಾಗೋ ತುದಿ ಗಂತು, ಮುಗಿಯೋ ತುದಿ ಮಂಜೊಟ್ಟಿ. ಎರಡು ಕರೆ ಅಕ್ಕಪಕ್ಕ ಇದ್ದರೆ ಅದು ಜೋಡುಕರೆ ಕಂಬಳ. ಆದರೆ ಎಲ್ಲಾ ಊರಿನ ಕರೆಯೂ ಒಂದೇ ಉದ್ದ ಇರಲ್ಲ. ಐಕಳದಲ್ಲಿ ಒಂದು ಅಳತೆ, ಇನ್ನೊಂದು ಊರಲ್ಲಿ ಇನ್ನೊಂದು. ಗದ್ದೆ ಎಷ್ಟಿದೆಯೋ ಕರೆಯೂ ಅಷ್ಟೇ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲೆಲ್ಲಾ ಕರೆಯ ಉದ್ದ ಎಷ್ಟಿದ್ದರೂ ಯಾರಿಗೂ ತಲೆನೋವು ಇರಲಿಲ್ಲ. ಮಂಜೊಟ್ಟಿಯಲ್ಲಿ ಕೂತ ತೀರ್ಪುಗಾರರು ಯಾವ ಜೋಡಿ ಮೊದಲು ಬಂತು ಅಂತ ಕಣ್ಣಲ್ಲಿ ನೋಡಿ ಹೇಳೋರು. ಒಪ್ಪದವರು ಜಗಳ ಆಡೋರು. ಆ ಜಗಳ ನಿಲ್ಲಿಸೋಕೆ ಅಂತಲೇ ಲೇಸರ್ ಕಿರಣದ ಟೈಮರ್ ಬಂತು. ಅಕ್ಕಪಕ್ಕ ಓಡಿದ ಎರಡು ಜೋಡಿಗಳ ಮಧ್ಯೆ ತೀರ್ಪು ಕೊಡೋಕೆ ಇದು ಒಳ್ಳೆಯ ಸಾಧನ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೂರರಲ್ಲಿ ಒಂದು ಭಾಗದ ಸೆಕೆಂಡು ಸ್ಕ್ರೀನಿನ ಮೇಲೆ ಬಂದ ಕೂಡಲೇ ಅದನ್ನ ಪಕ್ಕದ ಜೋಡಿಗಷ್ಟೇ ಅಲ್ಲ, ಪಕ್ಕದ ಊರಿಗೆ, ಪಕ್ಕದ ದೇಶಕ್ಕೆ ಹೋಲಿಸೋ ಆಸೆ ಶುರುವಾಯ್ತು.

2020ರ ಫೆಬ್ರವರಿ 1, ಐಕಳ. ಮೂಡುಬಿದಿರೆ ಹತ್ತಿರದ ಅಶ್ವತ್ಥಪುರದ ಶ್ರೀನಿವಾಸ ಗೌಡರಿಗೆ ಆಗ 28 ವರ್ಷ. ಕಟ್ಟಡ ಕೆಲಸದ ಕೂಲಿ, ಸೀಸನ್ನಿನಲ್ಲಿ ಕಂಬಳದ ಓಟ. ಅವತ್ತು ಅಳೆದದ್ದು ಎರಡೇ ನಂಬರ್. ಕರೆಯ ಉದ್ದ 142.50 ಮೀಟರ್. ಸಮಯ 13.62 ಸೆಕೆಂಡ್. ಇಷ್ಟು ದಾಖಲೆ.

ನಾನು ಬಿ.ಕಾಂ ಓದಿದವನು. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಈ ಎರಡಕ್ಕೆ ವೋಚರ್ ಇದೆ. 9.55ಕ್ಕೆ ವೋಚರ್ ಇಲ್ಲ. ಯಾರೋ 13.62ನ್ನು 142.50ರಿಂದ ಭಾಗಿಸಿ 100ರಿಂದ ಗುಣಿಸಿದರು. ಶಾಲೆಯಲ್ಲಿ ಕಲಿತ ತ್ರೈರಾಶಿ. ಹತ್ತು ಕೆ.ಜಿ. ತೊಗರಿಗೆ ಇಷ್ಟು ಆದರೆ ಏಳು ಕೆ.ಜಿ.ಗೆ ಎಷ್ಟು ಅನ್ನೋ ಲೆಕ್ಕ. ನೀವೂ ಫೋನ್ ತೆಗೆದು ಮಾಡಿ ನೋಡಿ, ಉತ್ತರ 9.5579 ಬರುತ್ತದೆ. ಎರಡು ದಶಮಾಂಶಕ್ಕೆ ತಂದರೆ 9.56. ಓಟದ ನಿಯಮದಲ್ಲಂತೂ ಮೂರನೇ ಅಂಕಿ ಇದ್ದರೆ ಯಾವಾಗಲೂ ಮೇಲಕ್ಕೇ ತರಬೇಕು, ಕೆಳಗೆ ಬಿಡೋ ಹಾಗಿಲ್ಲ. ಅಂದ್ರೆ ಆ ತ್ರೈರಾಶಿಯನ್ನ ಒಪ್ಪಿಕೊಂಡರೂ 9.55 ಸರಿ ಇಲ್ಲ. ಕೊನೇ ಅಂಕಿಗಳನ್ನ ಕತ್ತರಿಸಿ ಬಿಸಾಕಿದ್ದಾರೆ. ಒಂದು ಪೈಸೆ ವ್ಯತ್ಯಾಸ ಅಂತ ನಗಬೇಡಿ. 9.58ರ ಜೊತೆ ಹೋಲಿಸೋವಾಗ ಆ ಪೈಸೆಗೂ ಬೆಲೆ ಇದೆ.

ಅದು ಸಣ್ಣ ತಪ್ಪು. ದೊಡ್ಡದು ಬೇರೆ. ತೊಗರಿಯಲ್ಲಿ ಮೊದಲನೇ ಕೆ.ಜಿ.ಗೂ ಏಳನೇ ಕೆ.ಜಿ.ಗೂ ಒಂದೇ ರೇಟು. ಓಟದಲ್ಲಿ ಹಂಗಲ್ಲ. 2009ರ ಆಗಸ್ಟ್ 16ರಂದು ಬರ್ಲಿನ್ನಿನಲ್ಲಿ ಬೋಲ್ಟ್ 9.58 ಓಡಿದಾಗ ಪ್ರತಿ 20 ಮೀಟರಿಗೂ ಸಮಯ ಅಳೆದಿದ್ದರು. ಮೊದಲ 20 ಮೀಟರಿಗೆ 2.89 ಸೆಕೆಂಡ್. 60ರಿಂದ 80ರ ತನಕ ಬರೀ 1.61. ನಿಂತ ಜಾಗದಿಂದ ವೇಗ ಹಿಡಿಯೋದರಲ್ಲೇ ಒಂದು ಸೆಕೆಂಡಿಗೂ ಹೆಚ್ಚು ಖರ್ಚಾಗುತ್ತದೆ. ಗನ್ ಸದ್ದು ಕೇಳಿ ಕಾಲು ಕದಲೋಕೆ ತಗೊಂಡ 0.146 ಸೆಕೆಂಡೂ ಆ 2.89ರಲ್ಲೇ ಇದೆ. ನೂರು ಮೀಟರ್ ಓಡಿದವನು ಈ ಖರ್ಚನ್ನ ನೂರಕ್ಕೆ ಹಂಚಿಕೊಳ್ತಾನೆ. 142.50 ಮೀಟರ್ ಓಡಿದವನು 142.50ಕ್ಕೆ ಹಂಚಿಕೊಳ್ತಾನೆ. ನಿಮಗೆ ಗೊತ್ತಿರೋ ಮಾತೇ ಇದು: ಫಿಕ್ಸೆಡ್ ಕಾಸ್ಟ್ ಅದೇ ಇದ್ದು ಮಾಲು ಹೆಚ್ಚು ತಯಾರಾದರೆ ಒಂದೊಂದರ ಖರ್ಚು ಕಮ್ಮಿ ಬರುತ್ತದೆ.

ಇದಕ್ಕೆ ನನಗೆ ಸಿಕ್ಕ ಬಹಳ ಮಜಾ ಇರೋ ಉದಾಹರಣೆ ಬೋಲ್ಟ್‌ದೇ. 2009ರ ಮೇ 17, ಇಂಗ್ಲೆಂಡಿನ ಮ್ಯಾಂಚೆಸ್ಟರ್. ಊರ ಮಧ್ಯದ ರಸ್ತೆ ಮೇಲೆ ನೆಟ್ಟಗೆ ಟ್ರ್ಯಾಕ್ ಹಾಸಿ 150 ಮೀಟರ್ ಓಡಿಸಿದರು. ಬೋಲ್ಟ್ ಸಮಯ 14.35 ಸೆಕೆಂಡ್. ಇದಕ್ಕೆ ಕಂಬಳದ ತ್ರೈರಾಶಿ ಹಚ್ಚಿ ನೋಡಿ. 142.50 ಮೀಟರಿಗೆ 13.63 ಬರುತ್ತದೆ, ಐಕಳದ 13.62ರ ಪಕ್ಕದಲ್ಲೇ! ನೂರು ಮೀಟರಿಗೆ ಇಳಿಸಿದರೆ 9.57. ಅವತ್ತಿಗೆ ನೂರು ಮೀಟರಿನ ವಿಶ್ವದಾಖಲೆ ಬೋಲ್ಟ್‌ದೇ 9.69, ಹಿಂದಿನ ವರ್ಷ ಬೀಜಿಂಗ್‌ನದು. ನಮ್ಮ ಲೆಕ್ಕದ ಪ್ರಕಾರ ಆ ರಸ್ತೆ ಮೇಲೆ ವಿಶ್ವದಾಖಲೆ ಮುರಿದುಹೋಯ್ತು. ಯಾರಾದ್ರೂ ಹಾಗಂದರಾ? ಇಲ್ಲ. ಇನ್ನೂ ಕೇಳಿ. ಅದೇ ಓಟದ ಕೊನೆಯ ನೂರು ಮೀಟರನ್ನ ಅವರು 8.70 ಸೆಕೆಂಡಿನಲ್ಲಿ ಮುಗಿಸಿದ್ದರು. ಅದು ಲೆಕ್ಕ ಅಲ್ಲ, ನಿಜವಾಗಿ ಅಳೆದದ್ದು. ಅದೂ ದಾಖಲೆ ಅಲ್ಲ, ಯಾಕಂದ್ರೆ ಆ ನೂರು ಮೀಟರಿಗೆ ಆತ ಆಗಲೇ ಹಾರ್ತಾ ಬಂದಿದ್ದ. ಒಬ್ಬನೇ ಮನುಷ್ಯ, ಒಂದೇ ಓಟ, ಆದರೆ ನೂರು ಮೀಟರಿಗೆ ಒಂದು ಲೆಕ್ಕದಲ್ಲಿ 9.57, ಇನ್ನೊಂದರಲ್ಲಿ 8.70.

ಅಳತೆಗೆ ಇಷ್ಟು ಬಿಗಿ ನಿಯಮ ಯಾಕೆ ಬೇಕು ಅನ್ನೋದಕ್ಕೆ ನಾನು ನೋಡಿದ ಅತಿ ಕಠಿಣ ಜಾಗ ನೀರಿನದೇ, ಆದರೆ ಕೆಸರು ನೀರಲ್ಲ. ಮೋಟಾರು ದೋಣಿಗಳ ವೇಗದ ದಾಖಲೆ. ಅಲ್ಲಿ ಒಂದು ಸಲ ಓಡಿಸಿ ತೋರಿಸಿದರೆ ಸಾಲದು. ಅಳತೆ ಮಾಡಿಟ್ಟ ದೂರವನ್ನ ಒಂದು ದಿಕ್ಕಿಗೆ ದಾಟಬೇಕು, ಒಂದು ಗಂಟೆಯೊಳಗೆ ವಾಪಸ್ ಎದುರು ದಿಕ್ಕಿಗೂ ದಾಟಬೇಕು. ಎರಡರ ಸರಾಸರಿಯೇ ದಾಖಲೆ. ಗಾಳಿ ಬೆನ್ನಿಗಿತ್ತು, ನೀರು ಜೊತೆಗೆ ಹರೀತಿತ್ತು ಅನ್ನೋ ತಕರಾರು ಅಲ್ಲಿಗೇ ಮುಗೀತದೆ.

ಈ ನಿಯಮಕ್ಕೆ ಕರುಣೆ ಅನ್ನೋದು ಇಲ್ಲ. 1952ರ ಸೆಪ್ಟೆಂಬರ್ 29ರಂದು ಸ್ಕಾಟ್ಲೆಂಡಿನ ಲಾಕ್ ನೆಸ್ ಸರೋವರದಲ್ಲಿ ಜಾನ್ ಕಾಬ್ ಗಂಟೆಗೆ 206.89 ಮೈಲಿ, ಅಂದ್ರೆ ಸುಮಾರು 333 ಕಿ.ಮೀ. ವೇಗದಲ್ಲಿ ಹೋದರು. ಆ ಓಟದಲ್ಲೇ ದೋಣಿ ಚೂರಾಗಿ ತೀರಿಕೊಂಡರು. ವಾಪಸ್ ಓಟ ಆಗಲಿಲ್ಲ, ದಾಖಲೆಯೂ ಆಗಲಿಲ್ಲ. 1967ರ ಜನವರಿ 4ರಂದು ಇಂಗ್ಲೆಂಡಿನ ಕಾನಿಸ್ಟನ್ ಸರೋವರದಲ್ಲಿ ಡೊನಾಲ್ಡ್ ಕ್ಯಾಂಪ್‌ಬೆಲ್ ಮೊದಲ ಓಟದಲ್ಲಿ ಗಂಟೆಗೆ 297 ಮೈಲಿ ದಾಟಿದ್ದರು. ಎರಡನೇ ಓಟದಲ್ಲಿ ದೋಣಿ ಗಾಳಿಗೆ ಎದ್ದು ಮಗುಚಿ ಬಿತ್ತು, ಅವರೂ ಹೋದರು. ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಇರೋದು 1964ರ ಡಿಸೆಂಬರ್ 31ರಂದು ಆಸ್ಟ್ರೇಲಿಯಾದಲ್ಲಿ ಎರಡೂ ದಿಕ್ಕಿಗೆ ಓಡಿ ಗಳಿಸಿದ 276.33 ಮೈಲಿ. ಜೀವ ಕೊಟ್ಟವರಿಗೂ ತ್ರೈರಾಶಿ ಮಾಡಿ ದಾಖಲೆ ಕೊಡಲಿಲ್ಲ. ಓದಿದಾಗ ನನಗೆ ಸ್ವಲ್ಪ ಕ್ರೂರ ಅನ್ನಿಸ್ತು. ಆದರೆ 1978ರ ಅಕ್ಟೋಬರ್ 8ರಂದು ಆಸ್ಟ್ರೇಲಿಯಾದ ಕೆನ್ ವಾರ್ಬಿ ಗಂಟೆಗೆ 317 ಮೈಲಿ ದಾಟಿದಾಗ ಅದು ಹೆಚ್ಚೋ ಕಮ್ಮಿಯೋ ಅಂತ ವಾದ ಮಾಡೋ ಅಗತ್ಯವೇ ಬೀಳಲಿಲ್ಲ. ಹಳೆಯದೂ ಹೊಸದೂ ಒಂದೇ ತಕ್ಕಡಿಯಲ್ಲಿ ತೂಗಿದ್ದವು.

ಈಗ ಕರಾವಳಿಗೆ ವಾಪಸ್ ಬರೋಣ. ಒಂದು ಭಾಗಾಕಾರದಿಂದ ಯಾರಿಗೇನು ನಷ್ಟ ಅಂತ ಕೇಳಬಹುದು. ನಷ್ಟ ಆಗೋದರಲ್ಲಿದ್ದದ್ದು ಓಡಿದವರಿಗೇ. ಐಕಳದ ಓಟ ಆಗಿ ಎರಡು ವಾರದೊಳಗೆ ಉದ್ಯಮಿಗಳು, ಸಂಸದರು ಟ್ವೀಟ್ ಮಾಡಿದರು. ಆಗಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಭಾರತೀಯ ಕ್ರೀಡಾ ಪ್ರಾಧಿಕಾರದ ಟ್ರಯಲ್‌ಗೆ ಕರೆಸ್ತೀವಿ ಅಂದರು, ರೈಲು ಟಿಕೆಟ್ ಆಗಿದೆ ಅಂತಲೂ ಬರೆದರು. ಒಳ್ಳೆ ಮನಸ್ಸಿನಿಂದಲೇ ಕರೆದದ್ದು. ಆದರೆ ಅದಕ್ಕೂ ಆರು ತಿಂಗಳ ಹಿಂದೆ, 2019ರ ಆಗಸ್ಟಿನಲ್ಲಿ, ಏನಾಗಿತ್ತು ಗೊತ್ತಾ? ಮಧ್ಯಪ್ರದೇಶದ ಶಿವಪುರಿ ಜಿಲ್ಲೆಯ ಒಬ್ಬ ಯುವಕ ಬರಿಗಾಲಲ್ಲಿ ನೂರು ಮೀಟರನ್ನ 11 ಸೆಕೆಂಡಿನಲ್ಲಿ ಓಡಿದ ಅಂತ ವಿಡಿಯೋ ವೈರಲ್ ಆಯ್ತು. ಭೋಪಾಲಿನಲ್ಲಿ ಟ್ರಯಲ್ ಮಾಡಿದರು. ಆತ ಕೊನೆಯವನಾಗಿ ಬಂದ. ಆ ವಿಡಿಯೋವನ್ನೂ ದೇಶ ನೋಡಿತು.

ಶ್ರೀನಿವಾಸ ಗೌಡರು ಟ್ರಯಲ್ ಬೇಡ ಅಂದರು. ಅವರು ಕೊಟ್ಟ ಕಾರಣ ಎಲ್ಲಾ ಸುದ್ದಿಗಿಂತ ಸ್ಪಷ್ಟವಾಗಿತ್ತು. ಕಂಬಳದಲ್ಲಿ ಹಿಮ್ಮಡಿ ಊರಿ ಓಡಬೇಕು, ಟ್ರ್ಯಾಕಿನಲ್ಲಿ ಬೆರಳ ಮೇಲೆ. ಕಂಬಳದಲ್ಲಿ ಕೋಣಗಳ ಪಾತ್ರವೂ ಇದೆ, ಟ್ರ್ಯಾಕಿನಲ್ಲಿ ಅವು ಇರಲ್ಲ. ಎಷ್ಟು ನೇರ ಮಾತು ನೋಡ್ರಿ. 13.62 ಅನ್ನೋದು ಒಬ್ಬನ ಸಮಯ ಅಲ್ಲ, ಎರಡು ಕೋಣ ಮತ್ತೆ ಒಬ್ಬ ಮನುಷ್ಯ ಕೂಡಿದ ತಂಡದ ಸಮಯ. ಮುಂದೆ ಎರಡು ಕೋಣ ಎಳೀತಾ ಇರೋವಾಗ ಹಗ್ಗ ಬಿಡದೆ, ಬೀಳದೆ, ಕೆಸರಿನಲ್ಲಿ ಹಿಮ್ಮಡಿ ಊರಿ ಅದೇ ವೇಗಕ್ಕೆ ಓಡೋದು ಬೇರೆಯೇ ವಿದ್ಯೆ. ಬೋಲ್ಟ್‌ಗೂ ಅದು ಬರಲ್ಲ ಅಂತ ನಾನು ಧೈರ್ಯವಾಗಿ ಹೇಳ್ತೀನಿ. ಫೆಬ್ರವರಿ 17ರಂದು ಮುಖ್ಯಮಂತ್ರಿ ಯಡಿಯೂರಪ್ಪ ಅವರಿಗೆ 3 ಲಕ್ಷ ರೂಪಾಯಿ ಕೊಟ್ಟು ಸನ್ಮಾನ ಮಾಡಿದರು. ಅದು ಸರಿಯಾದ ಗೌರವ. ಅದಕ್ಕೆ ಬೋಲ್ಟ್ ಹೆಸರು ಬೇಕಾಗಿರಲಿಲ್ಲ.

ಆದರೆ ನಂಬರ್ ಅಷ್ಟಕ್ಕೇ ನಿಲ್ಲಲಿಲ್ಲ. ಅದೇ ತಿಂಗಳು ವೇಣೂರು ಕಂಬಳದಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ 9.51 ಅಂತ ಸುದ್ದಿ ಬಂತು. ಅದೂ ಲೆಕ್ಕದ ನಂಬರೇ. 2021ರ ಮಾರ್ಚಿನಲ್ಲಿ ಮತ್ತೆ ಶ್ರೀನಿವಾಸ ಗೌಡ, 125 ಮೀಟರ್ ಕರೆ, 11.21 ಸೆಕೆಂಡ್, ನೂರಕ್ಕೆ ಇಳಿಸಿ 8.96. ಇದನ್ನೂ ನೀವೇ ಭಾಗಿಸಿ: 8.968. ಮತ್ತೆ ಕತ್ತರಿ! ಆದರೆ ನನ್ನ ಕಣ್ಣು ನಿಂತದ್ದು ಕತ್ತರಿ ಮೇಲೆ ಅಲ್ಲ. ಕರೆ ಚಿಕ್ಕದಾದಷ್ಟೂ ಆ ಶುರುವಿನ ಖರ್ಚು ಜಾಸ್ತಿ ಕಾಣಬೇಕು, ನೂರಕ್ಕೆ ಇಳಿಸಿದ ನಂಬರ್ ನಿಧಾನ ಆಗಬೇಕು. ಇಲ್ಲಿ 17.50 ಮೀಟರ್ ಕಮ್ಮಿ ಇರೋ ಕರೆಯಲ್ಲಿ ಅರ್ಧ ಸೆಕೆಂಡಿಗಿಂತ ಹೆಚ್ಚು ಜೋರಾಗಿದೆ. ನೂರು ಮೀಟರಿನ ವಿಶ್ವದಾಖಲೆ 2008ರ 9.69ರಿಂದ 9.58ಕ್ಕೆ ಇಳಿದದ್ದೇ ದೊಡ್ಡ ಜಿಗಿತ, ಅದು 0.11 ಸೆಕೆಂಡ್. ಕೋಣ ಬೇರೆ ಇರಬಹುದು, ಕೆಸರು ಬೇರೆ, ನೀರಿನ ಆಳ ಬೇರೆ, ಟೈಮರ್ ಶುರು ಮಾಡೋ ರೀತಿ ಬೇರೆ ಇರಬಹುದು. ಯಾವುದೇ ಇರಲಿ, ಆ ಎರಡು ನಂಬರನ್ನ ಒಂದರ ಪಕ್ಕ ಒಂದು ಇಡೋಕೆ ಬರಲ್ಲ. ದೋಣಿಯವರ ಹಾಗೆ ಒಂದೇ ಅಳತೆ, ಒಂದೇ ವಿಧಾನ ಅಂತ ಮೊದಲೇ ಕಟ್ಟಿಕೊಂಡಿದ್ದರೆ ಮಾತ್ರ ಇಡಬಹುದಿತ್ತು.

ಕಡೆಗೆ 2022ರಲ್ಲಿ ಈ ದಾಖಲೆಗಳೇ ಸುಳ್ಳು ಅಂತ ಪೊಲೀಸರಿಗೆ ದೂರು ಹೋಯ್ತು. ದೂರು ಅಂದ್ರೆ ಆರೋಪ, ಅದಕ್ಕಿಂತ ಹೆಚ್ಚು ಅಂತ ನಾನು ಓದಲ್ಲ. ಆದರೆ ಆ ದೂರಿನಲ್ಲಿ ಓಡಿದವರ ಹೆಸರೂ ಇತ್ತು. ನಾನು ಬೋಲ್ಟ್ ಅಲ್ಲ, ಕೋಣಗಳಿಂದ ಆಯ್ತು ಅಂತ ಮೊದಲ ವಾರವೇ ಹೇಳಿದ ಮನುಷ್ಯನಿಗೆ, ಬೇರೆ ಯಾರೋ ಮಾಡಿದ ಭಾಗಾಕಾರಕ್ಕೆ ಉತ್ತರ ಕೊಡೋ ಪಾಳಿ ಬಂತು. ನನಗೆ ಸಿಟ್ಟು ಬರೋದು ಇಲ್ಲಿ. ಫಾರ್ವರ್ಡ್ ಮಾಡಿದ ನಮಗೆ ಯಾರಿಗೂ ನೋಟಿಸ್ ಬರಲಿಲ್ಲ.

ಕಂಬಳದಲ್ಲೇ ಇನ್ನೊಂದು ಅಳತೆ ಇದೆ, ಅದರ ಬಗ್ಗೆ ಸುದ್ದಿಯೇ ಆಗಲ್ಲ. ಕನೆಹಲಗೆ ಅಂತ ಒಂದು ವಿಭಾಗ. ಇಲ್ಲಿ ವೇಗಕ್ಕೆ ಬಹುಮಾನ ಇಲ್ಲ. ಕೋಣಗಳು ಎಳೆಯೋ ಹಲಗೆ ಮೇಲೆ ಓಡಿಸುವವನು ನಿಂತಿರ್ತಾನೆ, ಹಲಗೆಯ ತೂತಿನಿಂದ ನೀರು ಮೇಲಕ್ಕೆ ಚಿಮ್ಮುತ್ತದೆ. ಕರೆಗೆ ಅಡ್ಡವಾಗಿ ಆರೂವರೆ ಕೋಲು, ಏಳೂವರೆ ಕೋಲು ಎತ್ತರದಲ್ಲಿ ಬಟ್ಟೆ ಕಟ್ಟಿರ್ತಾರೆ, ಅದಕ್ಕೆ ನಿಶಾನೆ ಅಂತಾರೆ. ನೀರು ನಿಶಾನೆಗೆ ತಾಗಿತೋ ಇಲ್ಲವೋ, ಅಷ್ಟೇ. ಬಟ್ಟೆ ಒದ್ದೆ ಆದರೆ ಎಲ್ಲಾರಿಗೂ ಕಾಣುತ್ತದೆ. ಅದನ್ನ ನೂರು ಮೀಟರಿಗೆ ಇಳಿಸೋಕೆ ಇನ್ನೂ ಯಾರೂ ದಾರಿ ಹುಡುಕಿಲ್ಲ.

ಕರಾವಳಿ ಕಡೆ ಕೇಳುಗರು ಯಾರಾದ್ರೂ ಇದ್ದರೆ ಒಂದು ಕೆಲಸ ಮಾಡಿ. ನಿಮ್ಮೂರ ಕಂಬಳದ ಹಳೆಯ ಫಲಿತಾಂಶದ ಪಟ್ಟಿ ಇದ್ದರೆ ಫೋಟೋ ತೆಗೆದು ಕಳಿಸಿ. ಕರೆಯ ಉದ್ದ ಮತ್ತು ಸಮಯ ಎರಡೂ ಕಾಣಬೇಕು. ನೂರಕ್ಕೆ ಇಳಿಸಿದ್ದು ಬೇಡ.