ಕುಷ್ಟಗಿಯ ರೈಲು, ಕುಕನೂರಿನ ಗುಡಿಗಳು

ಕುಷ್ಟಗಿಗೆ ರೈಲು ಬಂದದ್ದು 2025ರ ಮೇ 15ರಂದು. ಗದಗ–ವಾಡಿ ಹೊಸ ಮಾರ್ಗದ ತಳಕಲ್–ಕುಷ್ಟಗಿ ಭಾಗ ಅಂದು ಸಂಚಾರಕ್ಕೆ ತೆರೆದುಕೊಂಡಿತು. ಬೆಳಿಗ್ಗೆ ಕುಷ್ಟಗಿ ಬಿಟ್ಟು ಹುಬ್ಬಳ್ಳಿಗೆ ಹೋಗಿ ಸಂಜೆ ಮರಳುವ ಗಾಡಿ ಶುರುವಾಯಿತು. ಹುಬ್ಬಳ್ಳಿಯಿಂದ ಗದಗ, ಕೊಪ್ಪಳ, ಹೊಸಪೇಟೆ ಹಾದು ಬಳ್ಳಾರಿಯತ್ತ ಸದರ್ನ್ ಮರಾಠಾ ರೈಲ್ವೆ ಹಳಿ ಹಾಸಿದ್ದು 1880ರ ದಶಕದಲ್ಲಿ. ಕೊಪ್ಪಳ ಜಿಲ್ಲೆಯದೇ ಆದ ಈ ಬಡಗಣ ತಾಲ್ಲೂಕು ಅದಾದ ಮೇಲೆ ಸುಮಾರು 140 ವರ್ಷ ಕಾಯಬೇಕಾಯಿತು. ಹಾಗಾಗಿ ಈ ರೈಲಿನ ಮೇಲೆ ಜನ ಇಟ್ಟುಕೊಂಡಿರುವ ಆಸೆಗಳೆಲ್ಲ ನ್ಯಾಯವಾದವೇ: ಹುಬ್ಬಳ್ಳಿಯ ಆಸ್ಪತ್ರೆ, ಕಾಲೇಜು, ಪೇಟೆ, ಮುಂದೆ ಬೆಂಗಳೂರಿನ ದಾರಿ. ಆದರೆ ಈ ಲೆಕ್ಕದಲ್ಲಿ ಸೇರದೆ ಉಳಿದ ಲಾಭವೊಂದಿದೆ. ನಾಲ್ಕಾರು ಗೆಳೆಯರು ಕೂಡಿ ರೊಟ್ಟಿ ಬುತ್ತಿ ಕಟ್ಟಿಕೊಂಡು ಬೆಳಗಿನ ಗಾಡಿ ಹತ್ತಿ, ಕುಕನೂರಿನಲ್ಲಿ ಇಳಿದು, ಅಲ್ಲಿಯ ಗುಡಿಗಳನ್ನೂ ಹತ್ತಿರದ ಇಟಗಿಯನ್ನೂ ನೋಡಿ, ಸಂಜೆಯ ಗಾಡಿಗೆ ಊರು ಸೇರಬಹುದು. ಕುಷ್ಟಗಿ ಸೀಮೆಯವರಿಗೆ ತಮ್ಮ ನೆಲದ ಚರಿತ್ರೆ ತಿಳಿಯಲು ಇದಕ್ಕಿಂತ ಹತ್ತಿರದ ದಾರಿ ಇಲ್ಲ. ಹಂಪಿಗೆ ಹೋಗುವ ಮೊದಲು ಇಲ್ಲಿಗೇ ಹೋಗಬೇಕು ಎಂಬುದು ನನ್ನ ವಾದ.

ಹಾಗೆ ಹೇಳಲು ಮೊದಲ ಆಧಾರ ನೆಲವೇ. ಕುಷ್ಟಗಿಯ ಸುತ್ತ ಹೆಚ್ಚಾಗಿ ಕೆಂಪು ಮಸಾರಿ. ಯಲಬುರ್ಗಾ ದಾಟಿ ಕುಕನೂರು ಸಮೀಪಿಸುತ್ತಿದ್ದಂತೆ ಕಿಟಕಿಯಾಚೆ ಎರೆ ಹೊಲಗಳು ಹರಡಿಕೊಳ್ಳುತ್ತವೆ. ಜೋಳ, ಕಡಲೆ, ಹತ್ತಿ ಬೆಳೆಯುವ ಈ ಕಪ್ಪು ನೆಲವೇ ಹಳೆಯ ಗುಡಿಗಳಿಗೆ ಬೆನ್ನೆಲುಬು. ಅಂದಿನ ಗುಡಿ ನಡೆಯುತ್ತಿದ್ದುದು ದತ್ತಿಯಾಗಿ ಬಿಟ್ಟ ಹೊಲದ ಹುಟ್ಟುವಳಿಯಿಂದ. ಹೊಲ ಬೆಳೆಯದಿದ್ದರೆ ನೈವೇದ್ಯವೂ ಇಲ್ಲ, ಓದಿಸುವವರಿಗೆ ಅನ್ನವೂ ಇಲ್ಲ. ಇನ್ನು 9ನೆಯ ಶತಮಾನದ ‘ಕವಿರಾಜಮಾರ್ಗ’ ತಿರುಳ್ಗನ್ನಡದ ನಾಡನ್ನು ಗುರುತಿಸಲು ಹೇಳುವ ನಾಲ್ಕು ಊರುಗಳು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಇಂದಿನ ಹೆಸರಿನಲ್ಲಿ ಮೊದಲ ಮೂರು ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ. ನಕಾಶೆ ತೆರೆದು ನೋಡಿದರೆ ಕುಕನೂರು ಈ ಮೂರಕ್ಕೂ ನೆರೆಯೂರೇ. ಮುಂದೆ ಇದೇ ಸೀಮೆಯಲ್ಲಿ, ಕಲ್ಯಾಣ ಚಾಲುಕ್ಯರ ಮಾಂಡಲಿಕರಾಗಿ ಎರಂಬರಗೆಯ ಸಿಂದರು ಆಳಿದರು. ಆ ಎರಂಬರಗೆಯೇ ಇಂದಿನ ಯಲಬುರ್ಗಾ. ಇಷ್ಟು ಹೆಣೆದುಕೊಂಡಿದ್ದ ನಾಡನ್ನು ಆಮೇಲಿನ ಆಳ್ವಿಕೆಗಳು ತುಂಡು ಮಾಡಿದವು. ಕುಷ್ಟಗಿ, ಯಲಬುರ್ಗಾ, ಕೊಪ್ಪಳ ನಿಜಾಮರ ಸಂಸ್ಥಾನದಲ್ಲಿ ಉಳಿದವು. ಗದಗ ಬ್ರಿಟಿಷರ ಧಾರವಾಡ ಜಿಲ್ಲೆಗೆ ಸೇರಿತು. ಮತ್ತೆ ಒಂದೇ ರಾಜ್ಯವಾದದ್ದು 1956ರಲ್ಲಿ. ಗಡಿ ಅಳಿಸಿದರೂ ಓಡಾಟದ ರೂಢಿ ಬದಲಾಗಲಿಲ್ಲ. ಕುಷ್ಟಗಿಯ ಜನ ಹೆದ್ದಾರಿ ಹಿಡಿದು ತೆಂಕಣಕ್ಕೆ ಹೊಸಪೇಟೆಗೆ, ಬಡಗಣಕ್ಕೆ ಇಳಕಲ್ಲಿಗೆ ಹೋಗುತ್ತಲೇ ಇದ್ದರು; ಪಡುವಣದ ಕುಕನೂರು ಮಾತ್ರ ಅವರ ದಾರಿಯಿಂದ ಸರಿದು ನಿಂತಿತ್ತು. ಹಳಿ ಈಗ ನೇರ ಆ ಕಡೆಗೇ ಹೋಗುತ್ತದೆ.

ಕುಕನೂರಿನ ನವಲಿಂಗ ಗುಡಿ ರಾಷ್ಟ್ರಕೂಟರ ಕಾಲದ್ದು, 9ನೆಯ ಶತಮಾನದ್ದು. ‘ಕವಿರಾಜಮಾರ್ಗ’ ಹುಟ್ಟಿದ್ದೂ ಅದೇ ಶತಮಾನದಲ್ಲಿ ಎಂಬುದನ್ನು ಮರೆಯಬಾರದು. ಒಂದಕ್ಕೊಂದು ಅಂಟಿಕೊಂಡಂತೆ ಒಂಬತ್ತು ಗರ್ಭಗುಡಿಗಳು, ಪ್ರತಿಯೊಂದರಲ್ಲೂ ಲಿಂಗ. ಮೂಲದಲ್ಲಿ ಇವು ದೇವಿಯರ ಗುಡಿಗಳಾಗಿದ್ದಿರಬಹುದು ಎಂಬ ಅಭಿಪ್ರಾಯ ವಿದ್ವಾಂಸರಲ್ಲಿದೆ. ಅದೇ ಆವರಣದಲ್ಲಿ ಮಹಾಮಾಯೆಗೆ ಇಂದಿಗೂ ಪೂಜೆ ನಡೆಯುತ್ತಿರುವುದನ್ನು ಕಂಡಾಗ ಆ ಮಾತು ಬರೀ ಪುಸ್ತಕದ್ದು ಎನಿಸುವುದಿಲ್ಲ. ಇಲ್ಲಿಯ ಕಲ್ಲು ಮರಳುಗಲ್ಲು. ಶಿಖರದ ಒಂದೊಂದು ನೆಲೆಯನ್ನೂ ಕಣ್ಣಿನಲ್ಲೇ ಎಣಿಸಬಹುದು. ಒಂದು ಎಲ್ಲಿ ಮುಗಿಯಿತು, ಮೇಲಿನದು ಎಲ್ಲಿ ಶುರುವಾಯಿತು ಎಂಬುದು ಸ್ಪಷ್ಟ. ಊರಿನಲ್ಲೇ ಇರುವ ಕಲ್ಲೇಶ್ವರ ಗುಡಿ 10ನೆಯ ಶತಮಾನದ ಕೊನೆಯ ಹೊತ್ತಿನದು. ಕನ್ನಡ ನಾಡಿನ ಚಾಲುಕ್ಯ ಶಿಲ್ಪದ ಬಗ್ಗೆ 1926ರಲ್ಲಿ ದೊಡ್ಡ ಗ್ರಂಥ ಪ್ರಕಟಿಸಿದ ಹೆನ್ರಿ ಕಸಿನ್ಸ್ ಈ ಗುಡಿಯನ್ನು ಹಳೆಯ ದ್ರಾವಿಡ ರೀತಿಗೂ ಮುಂದಿನ ಚಾಲುಕ್ಯ ರೀತಿಗೂ ನಡುವಿನ ಕೊಂಡಿಯಾಗಿ ಕಂಡರು. ನವಲಿಂಗವನ್ನು ನೋಡಿ ಬಂದ ಕಣ್ಣಿಗೆ ಆ ಕೊಂಡಿ ಹಿಡಿಯುವುದು ಕಷ್ಟವಲ್ಲ. ಮೂಲ ಕಟ್ಟಡ ಹಳೆಯದೇ. ಗೋಡೆಯ ಮುಂಚಾಚು, ಒಳಸರಿಕೆಗಳ ಮೇಲೆ ಮಾತ್ರ ಹೊಸ ಗಮನ ಬಿದ್ದಿದೆ. ಇದರ ಮುಂದಿನ ಹೆಜ್ಜೆ ಗದಗ ದಾರಿಯ ಲಕ್ಕುಂಡಿಯಲ್ಲಿದೆ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಅಲ್ಲಿಯ ಬ್ರಹ್ಮ ಜಿನಾಲಯದ ಹೊತ್ತಿಗೆ ಮರಳುಗಲ್ಲು ಹೋಗಿ ಬಳಪದ ಕಲ್ಲು ಬಂದಿತ್ತು.

ಕಲ್ಲು ಬದಲಾದದ್ದರ ಫಲ ಪೂರ್ತಿಯಾಗಿ ಕಾಣುವುದು ಕುಕನೂರಿನಿಂದ ಏಳೆಂಟು ಕಿಲೋಮೀಟರ್ ದೂರದ ಇಟಗಿಯಲ್ಲಿ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಅಲ್ಲಿಯ ಗುಡಿಯನ್ನು 1112ರಲ್ಲಿ ಕಟ್ಟಿಸಿದ. ಅಲ್ಲಿಯ ಶಾಸನ ಅದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆಯುತ್ತದೆ. ತಂದೆ, ತಾಯಿಯರ ನೆನಪಿಗೂ ಆತ ಅಲ್ಲೇ ಗುಡಿ ಕಟ್ಟಿಸಿದ್ದಾನೆ. ಬಳಪದ ಕಲ್ಲು ಮೆತ್ತಗೆ, ಉಳಿಗೆ ಸುಲಭವಾಗಿ ಬಗ್ಗುತ್ತದೆ. ಅದಕ್ಕೇ ಇಲ್ಲಿ ಕಂಬಗಳನ್ನು ತಿರುಗಣೆಗೆ ಕೊಟ್ಟು ಕಡೆದಿದ್ದಾರೆ. ಹತ್ತಿರ ನಿಂತು ಒಂದು ಕಂಬವನ್ನು ಮೇಲಿನಿಂದ ಕೆಳಗೆ ನೋಡಿದರೆ ಬಳೆ ಜೋಡಿಸಿಟ್ಟಂತೆ ಸುತ್ತುಗೆರೆಗಳು, ನಡುನಡುವೆ ಕತ್ತಿಯ ಅಲಗಿನಷ್ಟು ತೆಳುವಾದ ಅಂಚುಗಳು. ಒಂಬೈನೂರು ವರ್ಷದ ಹಿಂದೆ ಕೊಟ್ಟ ನುಣುಪು ಇನ್ನೂ ಕೈಗೆ ಸಿಗುತ್ತದೆ. ತಲೆ ಎತ್ತಿದರೆ ಶಿಖರದ ನೆಲೆಗಳು ಗಿಡ್ಡವಾಗಿ, ಕೆತ್ತನೆ ಒತ್ತಿ ತುಂಬಿ, ಎಣಿಸಲು ಹೋದ ಕಣ್ಣು ಸೋಲುತ್ತದೆ. ಬೆಳಿಗ್ಗೆ ಕುಕನೂರಿನಲ್ಲಿ ಬಿಡಿಬಿಡಿಯಾಗಿ ಕಂಡಿದ್ದ ನೆಲೆಗಳೇ ಇವು. ಸುಮಾರು ಇನ್ನೂರೈವತ್ತು ವರ್ಷಗಳಲ್ಲಿ ಕನ್ನಡದ ಕಲ್ಲುಕುಟಿಗರು ಒಂದು ರೂಪವನ್ನು ಎಲ್ಲಿಂದ ಎಲ್ಲಿಗೆ ಒಯ್ದರು ಎಂಬುದನ್ನು ಒಂದೇ ದಿನದಲ್ಲಿ, ಎಂಟು ಕಿಲೋಮೀಟರಿನೊಳಗೆ ತೋರಿಸುವ ಜಾಗಗಳು ಬಹಳ ಇಲ್ಲ.

ಹಂಪಿ ಇಷ್ಟು ಹತ್ತಿರವಿರುವಾಗ ಇದೇಕೆ ಎಂದು ಕೇಳುವವರಿದ್ದಾರೆ. ಹಂಪಿಯ ಹಿರಿಮೆಯನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಹಂಪಿ ಒಂದು ರಾಜಧಾನಿ. ಅದನ್ನು ಸಾಮ್ರಾಜ್ಯವೊಂದು ತನ್ನ ಬೊಕ್ಕಸದ ಬಲದಿಂದ ಕಟ್ಟಿತು. ಕುಕನೂರು, ಇಟಗಿ ರಾಜಧಾನಿಗಳಾಗಿರಲಿಲ್ಲ, ಹೊಲದ ನಡುವಿನ ಊರುಗಳು. ಇಂಥ ಊರುಗಳಲ್ಲೂ ಇಂಥ ಕೆಲಸ ನಡೆಯಿತು ಎಂಬುದು ನಾಡಿನ ಬಗ್ಗೆ ಹಂಪಿ ಹೇಳಲಾರದ ಸಂಗತಿಯನ್ನು ಹೇಳುತ್ತದೆ. ಮೇಲಾಗಿ ಇಟಗಿಯನ್ನು ಹಳೇಬೀಡಿನ ನಂತರ ಕನ್ನಡ ನಾಡಿನ ಅತ್ಯುತ್ತಮ ಗುಡಿ ಎಂದವರು ಕಸಿನ್ಸ್. ಅದು ಊರ ಅಭಿಮಾನದ ಮಾತಲ್ಲ.

ಬಾಡಿಗೆ ಕಾರು ಮಾಡಿದರೆ ಇನ್ನೂ ಸಲೀಸು ಎಂಬ ಮಾತಿಗೂ ಉತ್ತರವಿದೆ. ಕಾರು ಸಿಕ್ಕಿತೆಂದರೆ ಒಂದೇ ದಿನಕ್ಕೆ ಅಂಜನಾದ್ರಿ, ಆನೆಗೊಂದಿ, ಹಂಪಿ, ತುಂಗಭದ್ರಾ ಡ್ಯಾಂ ಎಂದು ಪಟ್ಟಿ ಬೆಳೆಯುತ್ತದೆ. ಇಳಿಯುವುದು, ಫೋಟೊ ತೆಗೆಯುವುದು, ಹತ್ತುವುದು, ಇಷ್ಟರಲ್ಲೇ ಹೊತ್ತು ಮುಳುಗುತ್ತದೆ. ರೈಲು ಬೆಳಿಗ್ಗೆ ಇಳಿಸಿ ಹೋದರೆ ಸಂಜೆಯವರೆಗೆ ಬೇರೆಲ್ಲಿಗೂ ಓಡುವಂತಿಲ್ಲ. ದಿನಕ್ಕೆ ಒಂದೇ ಗಾಡಿ ಎಂಬ ಕೊರತೆ ನೋಡುವವರ ಪಾಲಿಗೆ ಅನುಕೂಲವೇ ಆಗುತ್ತದೆ. ಗೆಳೆಯರ ಗುಂಪೇ ಬೇಕು ಎನ್ನುವುದಕ್ಕೂ ಕಾರಣವಿದೆ. ಗೌಂಡಿ ಕೆಲಸ ಬಲ್ಲವನು ಕಲ್ಲಿನ ಸಂದು ನೋಡುತ್ತಾನೆ, ಕನ್ನಡ ಓದಿದವಳು ಶಾಸನದ ಅಕ್ಷರದ ಮುಂದೆ ನಿಲ್ಲುತ್ತಾಳೆ, ಒಕ್ಕಲುತನದವನು ಸುತ್ತಲಿನ ಎರೆಯ ಆಳ ಕೇಳುತ್ತಾನೆ. ಗೈಡ್ ಇಲ್ಲದ ಊರಿನಲ್ಲಿ ಒಬ್ಬರಿಗೊಬ್ಬರು ಗೈಡ್ ಆಗುವುದು ಹೀಗೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯೇ ಇದೆ. ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವವರ ತಾಲ್ಲೂಕಿನಲ್ಲಿ ಹಳೆಯ ಕಲ್ಲು ನೋಡುವುದು ಹೊಟ್ಟೆ ತುಂಬಿದವರ ಮಾತಲ್ಲವೇ? ಗುಳೆಯ ಸಂಕಟವನ್ನು ಹಗುರ ಮಾಡುವ ಯಾವ ಮಾತೂ ಸಲ್ಲದು, ಗುಡಿ ನೋಡಿದರೆ ಕೂಲಿ ಸಿಗುವುದಿಲ್ಲ. ಆದರೆ ಈ ಸೀಮೆ ಎಂದರೆ ಬರ, ಬಡತನ, ಗುಳೆ ಇಷ್ಟೇ ಎಂದು ಹೊರಗಿನವರು ಹೇಳಿ ಹೇಳಿ ಇಲ್ಲಿಯ ಮಕ್ಕಳೂ ಅದನ್ನೇ ನಂಬುವಂತಾಗಿದೆ. ತಾವು ಹುಟ್ಟಿದ ನೆಲ ಒಂದು ಕಾಲಕ್ಕೆ ಕನ್ನಡದ ನುಡಿಗೂ ಶಿಲ್ಪಕ್ಕೂ ಮಾದರಿಯಾಗಿತ್ತು ಎಂಬ ತಿಳಿವು ಬಡವರ ಮಕ್ಕಳಿಗೂ ಹಕ್ಕಿನಿಂದ ಬರಬೇಕಾದದ್ದು. ಪ್ಯಾಸೆಂಜರ್ ಗಾಡಿಯ ಟಿಕೆಟ್ ಅವರ ಕೈಗೂ ಎಟಕುತ್ತದೆ, ಬಾಡಿಗೆ ಕಾರು ಎಟಕುವುದಿಲ್ಲ.

ಆಗಬೇಕಾದ ಕೆಲಸ ದೊಡ್ಡದೇನಲ್ಲ. ಬೆಳಗಿನ ಗಾಡಿಯ ಹೊತ್ತಿಗೆ ಕುಕನೂರು ಸ್ಟೇಷನ್ನಿನಿಂದ ಇಟಗಿಗೆ ಒಂದು ಸಾರಿಗೆ ಬಸ್ಸು, ಸಂಜೆಯ ಗಾಡಿಗೆ ಮುಂಚೆ ಅದು ಹಿಂದಿರುಗುವಂತೆ ಹೊಂದಾಣಿಕೆ. ಎರಡೂ ಕಡೆ ಕುಡಿಯುವ ನೀರು, ಶೌಚಾಲಯ. ಗುಡಿಯ ಮುಂದೆ ಯಾವ ಕಲ್ಲು, ಯಾವ ಶತಮಾನ, ಏನನ್ನು ಗಮನಿಸಬೇಕು ಎಂದು ತಿಳಿಗನ್ನಡದಲ್ಲಿ ಬರೆದ ಫಲಕ. ಅಲ್ಲಿಯವರೆಗೆ ಹೋಗುವವರು ಒಂದನ್ನು ಪಾಲಿಸಿದರೆ ಸಾಕು: ಮೊದಲು ನವಲಿಂಗ, ಆಮೇಲೆ ಕಲ್ಲೇಶ್ವರ, ಮಧ್ಯಾಹ್ನದ ಬುತ್ತಿ ಬಿಚ್ಚಿದ ಮೇಲೆ ಇಟಗಿ. ಇಟಗಿಯನ್ನು ಮೊದಲು ನೋಡಿಬಿಟ್ಟರೆ ಕುಕನೂರಿನ ಗುಡಿಗಳು ಸಪ್ಪೆಯೆನಿಸಿ, ಅವು ಇಟಗಿಯ ತಾಯಿಬೇರು ಎಂಬುದು ಕಣ್ಣಿಗೆ ಬೀಳದೆ ಹೋಗುತ್ತದೆ.