ಬೈಲಕುಪ್ಪೆ: ಟಿಬೆಟಿಯನ್ನರ ನೆನಪು ದಾಖಲಾಗಿದೆ, ಊರವರದ್ದು ಯಾವಾಗ?

ಪಿರಿಯಾಪಟ್ಟಣ: ಗೋಲ್ಡನ್ ಟೆಂಪಲ್ ನೋಡೋಕೆ ಬರುವ ಪ್ರವಾಸಿಗರಿಗೆ ಬೈಲಕುಪ್ಪೆ ಅಂದ್ರೆ ಚಿನ್ನದ ಬಣ್ಣದ ಬುದ್ಧ, ಮೊಮೊ, ಫೋಟೊ. ಅಲ್ಲಿ ಮೊದಲು ಕಾಡಿತ್ತು, ಆ ಕಾಡು ಕಡಿದು ಹೊಲ ಮಾಡಿದವರು ಇನ್ನೂ ಕೆಲವರು ಬದುಕಿದ್ದಾರೆ ಅನ್ನೋದು ಬಹಳ ಜನಕ್ಕೆ ಗೊತ್ತಿರಲ್ಲ. ಅವರ ನೆನಪನ್ನು ಕೇಳಿ ಬರೆದಿಡುವ ಕೆಲಸ ಒಂದಷ್ಟು ನಡೆದಿದೆ. ಆದರೆ ಅವರನ್ನು ಪಕ್ಕದಲ್ಲಿ ಕಂಡ, ಅವರಿಗೆ ಸಾಮಾನು ಮಾರಿದ, ಅವರ ಹೊಲದಲ್ಲಿ ದುಡಿದ ಕನ್ನಡದವರ ನೆನಪು ಹೆಚ್ಚುಕಮ್ಮಿ ಬಾಯಲ್ಲೇ ಉಳಿದಿದೆ.

1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ ಸಾವಿರಾರು ಟಿಬೆಟಿಯನ್ನರು ಹಿಮಾಲಯ ದಾಟಿ ಬಂದರು. ಬಹಳ ಮಂದಿ ಮೊದಲು ಉತ್ತರದ ಬೆಟ್ಟಗಳಲ್ಲಿ ರಸ್ತೆ ಕೆಲಸಕ್ಕೆ ಹೋದರು. ಅವರಿಗೆ ನೆಲೆ ಕೊಡಲು ಆಗಿನ ಮೈಸೂರು ರಾಜ್ಯ ಒಪ್ಪಿ, ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಜಾಗ ಕೊಟ್ಟಿತು. ಲುಗ್‌ಸುಂಗ್ ಸಂದುಪ್ಲಿಂಗ್ ಎಂಬ ಮೊದಲ ವಸಾಹತು ಶುರುವಾಗಿದ್ದು ಹಾಗೆ. 1969ರಲ್ಲಿ ಪಕ್ಕದಲ್ಲೇ ಎರಡನೆಯದು, ಡಿಕಿ ಲಾರ್ಸೋ, ಬಂತು. ಇದೇ ನಿರಾಶ್ರಿತರಿಗೆ ನೆಲೆ ಕಲ್ಪಿಸಲು 1968ರಲ್ಲಿ ಹುಟ್ಟಿದ ಸಂಸ್ಥೆ ಮೈರಾಡ; ಗ್ರಾಮೀಣಾಭಿವೃದ್ಧಿಗೆ ಹೆಸರಾಗಿದ್ದು ಆಮೇಲೆ.

ಇಲ್ಲೇ ಒಂದು ಸಣ್ಣ ಗಂಟಿದೆ. ಜಾಗ ಕೊಟ್ಟ ಉಪಕಾರಕ್ಕೆ ಟಿಬೆಟಿಯನ್ನರು ಇವತ್ತಿಗೂ ಎಸ್. ನಿಜಲಿಂಗಪ್ಪನವರನ್ನು ನೆನೆಯುತ್ತಾರೆ. ಆದರೆ 1958ರಿಂದ 1962ರವರೆಗೆ ಮುಖ್ಯಮಂತ್ರಿ ಆಗಿದ್ದವರು ಬಿ.ಡಿ. ಜತ್ತಿ. ನಿಜಲಿಂಗಪ್ಪನವರು ಅದಕ್ಕೂ ಹಿಂದೆ ಆಗಿದ್ದರು, ಮತ್ತೆ 1962ರಲ್ಲಿ ಬಂದರು. ಹಾಗಂತ ಹಿರಿಯರು ಹೇಳಿದ್ದು ಸುಳ್ಳು ಅಂತಲ್ಲ. ನೆನಪು ಕ್ಯಾಲೆಂಡರ್ ನೋಡಿಕೊಂಡು ನಡೆಯಲ್ಲ, ಅಷ್ಟೆ. ಅದಕ್ಕೇ ಬಾಯಿಮಾತಿನ ಇತಿಹಾಸದ ಜೊತೆಗೆ ಕಾಗದಪತ್ರವೂ ಬೇಕು, ಎರಡೂ ಕಡೆಯವರ ಮಾತೂ ಬೇಕು.

ಟಿಬೆಟ್ ಓರಲ್ ಹಿಸ್ಟರಿ ಪ್ರಾಜೆಕ್ಟ್ ಎಂಬ ಅಮೆರಿಕದ ಸಂಸ್ಥೆ 2007ರಲ್ಲಿ ಬೈಲಕುಪ್ಪೆಗೆ, 2010ರಲ್ಲಿ ಮುಂಡಗೋಡಕ್ಕೆ ಬಂದು ಹಿರಿಯರನ್ನು ಮಾತಾಡಿಸಿ ವಿಡಿಯೊ ಮಾಡಿಕೊಂಡಿತು. ಅದರ ಇಂಗ್ಲಿಷ್ ಬರಹರೂಪ ಇಂಟರ್ನೆಟ್‌ನಲ್ಲಿ ಯಾರು ಬೇಕಾದರೂ ಓದಬಹುದು. ಊರು ಬಿಟ್ಟ ರಾತ್ರಿ, ದಾರಿಯಲ್ಲಿ ಸತ್ತವರು, ಇಲ್ಲಿಯ ಸೆಕೆ, ಬಿದಿರಿನ ಗುಡಿಸಲು, ಆನೆ ಕಾಟ ಇಂಥ ಮಾತುಗಳು ಹಾಗೆ ಉಳಿದವು. ಕನ್ನಡದಲ್ಲಿ ಮಾತ್ರ ಸಿಗಲ್ಲ. ಪಕ್ಕದ ಹಳ್ಳಿಯ ಹುಡುಗರಿಗೆ ಇಂಗ್ಲಿಷಿನ ನೂರಾರು ಪುಟ ಓದಿ ಅಂದರೆ ಯಾರು ಓದ್ತಾರೆ?

ಕಲೆಯಲ್ಲೂ ನೆನಪು ಉಳಿಯುತ್ತೆ. ಟಿಬೆಟಿಯನ್ನರ ‘ಅಚೆ ಲ್ಹಾಮೊ’ ಬಯಲಲ್ಲೇ ಆಡುವ ಹಾಡು-ಕುಣಿತದ ನಾಟಕ. ವಾದ್ಯ ಅಂದ್ರೆ ಒಂದು ಡೋಲು, ಒಂದು ಜೊತೆ ತಾಳ. ನಡುವೆ ಒಬ್ಬರು ಕಥೆಯನ್ನು ಸರಸರ ಹೇಳಿ ಮುಂದಕ್ಕೆ ನಡೆಸುತ್ತಾರೆ. ಮೂಡಲಪಾಯ ನೋಡಿದವರಿಗೆ ಇದು ತಕ್ಷಣ ಅರ್ಥ ಆಗುತ್ತೆ: ಅಲ್ಲಿ ಭಾಗವತರು, ಇಲ್ಲಿ ಕಥೆಗಾರ, ಅದು ರಾತ್ರಿಯಿಡೀ, ಇದು ಹಗಲು. ದೇಶ ಬಿಟ್ಟು ಬಂದ ವರ್ಷವೇ, 1959ರಲ್ಲೇ, ಇಂಥ ಕಲೆ ಉಳಿಸಲು ಟಿಬೆಟಿಯನ್ನರು ಕಾಲಿಂಪಾಂಗ್‌ನಲ್ಲಿ ಒಂದು ಸಂಸ್ಥೆ ಕಟ್ಟಿದ್ದರು. ಅದು ಈಗ ಧರ್ಮಶಾಲೆಯಲ್ಲಿದೆ. ಮನೆಮಠ ಕಳಕೊಂಡವರು ಮೊದಲ ವರ್ಷವೇ ನಾಟಕದ ತಂಡ ಕಟ್ಟಿದ್ದು ಸಣ್ಣ ವಿಷಯವಲ್ಲ.

ಊರಿನ ಕಡೆಯ ನೆನಪೇನು ಕಮ್ಮಿಯೇ? ಭಾಷೆ ಬರದವರಿಗೆ ಕೈಸನ್ನೆಯಲ್ಲೇ ಉಪ್ಪು, ಸೀಮೆಎಣ್ಣೆ ಕೊಟ್ಟ ಅಂಗಡಿಯವರು, ಕ್ಯಾಂಪಿನ ಮುಸುಕಿನ ಜೋಳ ಕೊಂಡ ವ್ಯಾಪಾರಿಗಳು, ಅಲ್ಲಿ ಕೂಲಿಗೆ ಹೋಗಿ ಟಿಬೆಟಿಯನ್ ಮಾತು ಕಲಿತ ಹೆಂಗಸರು, ಟ್ರ್ಯಾಕ್ಟರ್ ಓಡಿಸಿದವರು. ಚಳಿಗಾಲ ಬಂತೆಂದರೆ ಸ್ವೆಟರ್ ಮಾರಲು ಕ್ಯಾಂಪಿನವರು ದೂರದ ಪಟ್ಟಣಗಳಿಗೆ ಹೊರಡುವುದನ್ನು ನೋಡಿದವರೂ ಇವರೇ. ಯಾರದಾದರೂ ಅಟ್ಟದ ಮೇಲೆ ಆ ಕಾಲದ ಸಾಲದ ಲೆಕ್ಕದ ಪುಸ್ತಕ ಇದ್ದರೆ, ಅದು ರದ್ದಿಗೆ ಹಾಕುವ ವಸ್ತುವಲ್ಲ. ಕಾಡು ಹೋದದ್ದಕ್ಕೆ, ದನ ಮೇಯುವ ಜಾಗ ಹೋದದ್ದಕ್ಕೆ ಯಾರಿಗಾದರೂ ಬೇಸರ ಇದ್ದರೆ ಅದೂ ದಾಖಲಾಗಬೇಕು. ಬರೀ ಸೌಹಾರ್ದದ ಮಾತು ಕೂಡಿಟ್ಟರೆ ಅದು ಇತಿಹಾಸವಲ್ಲ, ಸನ್ಮಾನಪತ್ರ.

ಇದಕ್ಕೆ ದೊಡ್ಡ ದುಡ್ಡು ಬೇಡ. ದೇಶ ವಿಭಜನೆಯ ನೆನಪುಗಳನ್ನು ಕೂಡಿಡುತ್ತಿರುವ 1947 ಪಾರ್ಟಿಷನ್ ಆರ್ಕೈವ್ ಸಾಮಾನ್ಯ ಜನಕ್ಕೇ ಆನ್‌ಲೈನ್‌ನಲ್ಲಿ ತರಬೇತಿ ಕೊಟ್ಟು ಸಾವಿರಾರು ಸಂದರ್ಶನ ಸೇರಿಸಿದೆ. ಮೊಬೈಲ್ ಸಾಕು. ಏರೋಪ್ಲೇನ್ ಮೋಡ್‌ಗೆ ಹಾಕಿ, ಫ್ಯಾನ್ ನಿಲ್ಲಿಸಿ, ಮೊದಲು ಹೆಸರು, ಊರು, ತಾರೀಖು ಹೇಳಿಸಬೇಕು. ‘ಟಿಬೆಟಿಯನ್ನರ ಬಗ್ಗೆ ಏನನ್ಸುತ್ತೆ’ ಅಂದರೆ ‘ಒಳ್ಳೇ ಜನ’ ಅಂತ ಮುಗಿಸಿಬಿಡ್ತಾರೆ. ‘ಮೊದಲ ಸಲ ಅಂಗಡಿಗೆ ಬಂದವರು ಏನು ಕೇಳಿದ್ರು, ಲೆಕ್ಕ ಹೇಗೆ ಮಾಡ್ತಿದ್ರಿ’ ಅಂದರೆ ಕಥೆ ಹೊರಗೆ ಬರುತ್ತೆ. ಒಪ್ಪಿಗೆ ಕೇಳದೆ ಹಂಚಬಾರದು, ಅದರಲ್ಲೂ ವಾಟ್ಸಾಪ್ ಗ್ರೂಪಿಗೆ. ಟಿಬೆಟ್‌ನಲ್ಲಿ ಇನ್ನೂ ಬಂಧುಗಳಿರುವ ಹಿರಿಯರು ಹೆಸರು ಬೇಡ ಅಂದರೆ ಅದಕ್ಕೆ ಕಾರಣ ಇರುತ್ತೆ. ಫೈಲ್ ಎರಡು ಕಡೆ ಇಡಬೇಕು. ಫೋನ್ ಬಿದ್ದು ಒಡೆದರೆ ಅಜ್ಜನ ದನಿ ಮತ್ತೆ ಸಿಗಲ್ಲ.

1961ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ಎಪ್ಪತ್ತೈದರ ಆಸುಪಾಸು. ಕ್ಯಾಂಪಿನ ಯುವಕರು ಅಮೆರಿಕ, ಕೆನಡಾ ಅಂತ ಹೊರಡುತ್ತಿದ್ದಾರೆ, ಹಳ್ಳಿಯವರು ಬೆಂಗಳೂರಿಗೆ. ಕೇಳಿಸಿಕೊಳ್ಳುವವರು ಎರಡೂ ಕಡೆ ಕಮ್ಮಿ ಆಗುತ್ತಿದ್ದಾರೆ. ಮೊದಲು ಹೋಗಿ ಕೂರಬೇಕಾದ್ದು ಎಂಬತ್ತು ದಾಟಿದವರ ಹತ್ತಿರ, ಅದೂ ಬೆಳಗಿನ ಹೊತ್ತು, ಅವರಿಗೆ ಸುಸ್ತಾಗುವ ಮುಂಚೆ.